ಬೂದಿಯ ಮೇಲೆ ಕುಳಿತ ಎಮ್ಮೆ



ನವೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸುಣ್ಣದ ಡಬ್ಬ, ಕುಂಚ, ಕುಡುಗೋಲುಗಳು ಹೊರಗೆ ಬರುತ್ತವೆ. ಸಮಾಧಿಭೂಮಿಯ ಹುಲ್ಲು ಕೊಯ್ದು, ಶಿಲುಬೆಗಳಿಗೆ ಸುಣ್ಣ ಬಳಿದು, ಚೆಂಡುಹೂ ಹರಡಿ, ಸಂಜೆ ಮೇಣದಬತ್ತಿ ಹಚ್ಚುತ್ತೇವೆ. ದೇವಾಲಯದ ಪಂಚಾಂಗ ಅದನ್ನು ಸಕಲ ಮೃತರ ಸ್ಮರಣೆ ಎನ್ನುತ್ತದೆ. ನಮ್ಮ ಜನ ಅದನ್ನು ಕಲ್ಲರೆ ಹಬ್ಬ ಎನ್ನುತ್ತಾರೆ. ಈ ಕಲ್ಲರೆ ಎಂಬ ಮಾತನ್ನು ನೀವು ಎಂದಾದರೂ ಬಿಡಿಸಿ ನೋಡಿದ್ದೀರಾ? ತಾಳವಾಡಿಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಕನ್ನಡ, ಸರಕಾರಿ ಕಾಗದದಲ್ಲಿ ತಮಿಳು ಎಂದು ಎರಡು ದೋಣಿಯಲ್ಲಿ ಕಾಲಿಟ್ಟು ಬೆಳೆದ ಮಕ್ಕಳು ಅವು. ತಮಿಳಿನಲ್ಲಿ ಅರೈ ಎಂದರೆ ಕೋಣೆ. ಕಲ್ಲರೈ ಎಂದರೆ ಕಲ್ಲಿನ ಕೋಣೆ. ನಾವು ಸಿಮೆಂಟು ಇಟ್ಟಿಗೆಯಲ್ಲಿ ಗೋರಿ ಕಟ್ಟಿ ಅದನ್ನು ಕಲ್ಲಿನ ಕೋಣೆ ಎಂದು ಕರೆಯುತ್ತಿದ್ದೇವೆ. ಆದರೆ ನಿಜವಾಗಿಯೇ ಕಲ್ಲಿನ ಕೋಣೆ ಕಟ್ಟಿ ಸತ್ತವರನ್ನು ಅದರಲ್ಲಿ ಇಟ್ಟ ಜನ ನಮ್ಮ ಈರೋಡು ಜಿಲ್ಲೆಯಲ್ಲೇ ಇದ್ದರು.

ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ಈರೋಡಿನ ಆಚೆಗೆ ನೊಯ್ಯಲ್ ನದಿಯ ದಡಕ್ಕೆ ಹೋದರೆ ಕೊಡುಮಣಲ್ ಎಂಬ ಊರು ಸಿಗುತ್ತದೆ. 1985ರಿಂದ ಅಲ್ಲಿ ಹಲವು ಬಾರಿ ಉತ್ಖನನ ನಡೆದಿದೆ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಒಂದು ಬದಿಯ ಕಲ್ಲಿನಲ್ಲಿ ಕಿಂಡಿ ಕೊರೆದ ಸಮಾಧಿಗಳು ಅಲ್ಲಿ ಸಿಕ್ಕಿವೆ. ಒಳಗೆ ಮಡಕೆಗಳು, ಕಬ್ಬಿಣದ ಕತ್ತಿ, ಕೆಂಪು ಕಲ್ಲಿನ ಮಣಿಗಳು. ಒಂದೇ ಸಮಾಧಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಣಿಗಳಿದ್ದವು. ಊರಿನಲ್ಲೇ ಮಣಿ ಕೊರೆಯುವ ಕೆಲಸ ನಡೆಯುತ್ತಿತ್ತು. ಅಷ್ಟಾದರೂ ಎರಡು ಸಾವಿರ ಮಣಿಗಳನ್ನು ಮಣ್ಣಿಗೆ ಹಾಕಿ ಕೈ ತೊಳೆದುಕೊಳ್ಳುವುದು ಆ ಮನೆಯವರಿಗೆ ಸಣ್ಣ ಮಾತಾಗಿರಲಿಲ್ಲ.

ಇನ್ನೂ ದಕ್ಷಿಣಕ್ಕೆ, ತಾಮ್ರಪರ್ಣಿ ನದಿಯ ಬಳಿಯ ಆದಿಚ್ಚನಲ್ಲೂರಿನಲ್ಲಿ ಕಲ್ಲಿನ ಕೋಣೆಯ ಬದಲು ಆಳೆತ್ತರದ ಮಣ್ಣಿನ ಹಂಡೆಗಳು. ತಮಿಳರು ಇವನ್ನು ಮುದುಮಕ್ಕಳ್ ತಾಳಿ ಎನ್ನುತ್ತಾರೆ. (ನಮ್ಮ ಹೆಣ್ಣುಮಕ್ಕಳ ಕೊರಳ ತಾಳಿಗೂ ಇದಕ್ಕೂ ನಂಟಿಲ್ಲ, ಗಾಬರಿ ಬೇಡ. ಅಲ್ಲಿ ತಾಳಿ ಎಂದರೆ ದೊಡ್ಡ ಮಡಕೆ.) ತೀರ ಮುದುಕರಾಗಿ ಕುಗ್ಗಿಹೋದವರನ್ನು ಜೀವ ಇರುವಾಗಲೇ ಮಡಕೆಯಲ್ಲಿ ಕೂರಿಸಿ ದೀಪವಿಟ್ಟು ಬರುತ್ತಿದ್ದರು ಎಂದು ಹಳ್ಳಿಗಳಲ್ಲಿ ಕಥೆ ಹೇಳುತ್ತಾರೆ. ಅಗೆದು ನೋಡಿದವರು ಹೇಳುವುದೇ ಬೇರೆ: ಸತ್ತವರ ದೇಹವನ್ನೋ, ಆಮೇಲೆ ಆಯ್ದ ಮೂಳೆಗಳನ್ನೋ ಗೌರವದಿಂದ ಇಟ್ಟ ಮಡಕೆಗಳು ಅವು. 2004ರಲ್ಲಿ ಪುರಾತತ್ವ ಇಲಾಖೆ ಅಲ್ಲಿ ಅಗೆದಾಗ 150ಕ್ಕೂ ಹೆಚ್ಚು ಹಂಡೆಗಳು ಸಿಕ್ಕಿದವು. ಒಂದು ಚೂರಿನ ಮೇಲೆ ಮಣ್ಣನ್ನು ಅಂಟಿಸಿ ಮಾಡಿದ ಚಿತ್ರವಿತ್ತು. ಒಬ್ಬ ಹೆಣ್ಣು, ಪಕ್ಕದಲ್ಲಿ ಕೊಕ್ಕರೆ, ಜಿಂಕೆ, ಮೊಸಳೆ. ಬಹುಶಃ ನದಿಯ ದಡದ ನೋಟ. ನೆಲದ ಕೆಳಗೆ, ಕತ್ತಲಲ್ಲಿ, ಯಾರೂ ನೋಡದ ಕಡೆ ಇರುವ ಮಡಕೆಗೆ ಇಷ್ಟು ಚೆಂದದ ಚಿತ್ರ ಏಕೆ?

ಈ ಪ್ರಶ್ನೆಗೆ ನಮಗೆ ತೀರ ಹತ್ತಿರದಲ್ಲೇ ಇನ್ನೂ ದೊಡ್ಡ ಉದಾಹರಣೆ ಇದೆ. ತಲಮಲೆಯ ಅಂಚಿನಲ್ಲಿ ನಿಂತರೆ ಕೆಳಗೆ ಮೋಯಾರ್ ಕಣಿವೆ, ಆಚೆಗೆ ಗೋಡೆಯಂತೆ ಎದ್ದ ನೀಲಗಿರಿ. ನಮ್ಮವರು ಆ ಬೆಟ್ಟವನ್ನು ದಿನವೂ ನೋಡುತ್ತಾರೆ. ಅಲ್ಲಿನ ಬಡಗರ ಮಾತು ನಮ್ಮ ಕಿವಿಗೆ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬಂದವರೆಂದೇ ಅವರಿಗೆ ಆ ಹೆಸರು. ಆದರೆ ಬಡಗರು ಅಲ್ಲಿಗೆ ಹೋಗುವುದಕ್ಕೂ ಬಹಳ ಹಿಂದೆ ನೀಲಗಿರಿಯ ಗುಡ್ಡದ ನೆತ್ತಿಗಳ ಮೇಲೆ ಯಾರೋ ಕಲ್ಲಿನ ವೃತ್ತಗಳನ್ನು ಕಟ್ಟಿದ್ದರು. ಕೆಲವು ಬರೀ ಕಲ್ಲುಗುಪ್ಪೆ. ಕೆಲವು ಸೇದುವ ಬಾವಿಯ ಕಟ್ಟೆಯಂತೆ ದುಂಡಗೆ ಕಟ್ಟಿದ ಗೋಡೆ. ಅವುಗಳ ಒಳಗೆ ಸುಟ್ಟ ಮೂಳೆ, ಇದ್ದಿಲು, ಬೂದಿ, ಕಬ್ಬಿಣದ ಭರ್ಜಿ ಮತ್ತು ಕುಡುಗೋಲು, ಕಂಚಿನ ಬಟ್ಟಲು, ಚಿನ್ನದ ಚಿಕ್ಕ ಒಡವೆ. ಜೊತೆಗೆ ಬೇರೆಲ್ಲೂ ಕಾಣದ ಒಂದು ಬಗೆಯ ಮಣ್ಣಿನ ಪಾತ್ರೆಗಳು.

ಆ ಪಾತ್ರೆಗಳ ಆಕಾರವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ನಮ್ಮ ಅಜ್ಜಿಯರು ಅಡಿಗೆಮನೆಯ ಮೂಲೆಯಲ್ಲಿ ಒಂದರ ಮೇಲೊಂದು ಮಡಕೆ ಅಡಕಿಟ್ಟಿರುತ್ತಿದ್ದರಲ್ಲ, ಹಾಗೆ ಹಂತ ಹಂತವಾಗಿ ಮೇಲೆದ್ದ ಎತ್ತರದ ಪಾತ್ರೆ. ಮಾಡಿರುವುದು ಮಾತ್ರ ಒಂದೇ ಪಾತ್ರೆಯಾಗಿ. ಅದಕ್ಕೊಂದು ಮುಚ್ಚಳ. ಮುಚ್ಚಳದ ಮೇಲೆ ಹಿಡಿಯ ಬದಲು ಒಂದು ಬೊಂಬೆ. ಬಾಗಿದ ದೊಡ್ಡ ಕೊಂಬಿನ ಎಮ್ಮೆ, ಕುರಿ, ನಾಯಿ, ಹಕ್ಕಿ, ಕುದುರೆ, ಕುದುರೆ ಮೇಲೆ ಕುಳಿತ ಮನುಷ್ಯ, ಗಡ್ಡದ ಗಂಡಸು, ಒಡವೆ ತೊಟ್ಟ ಹೆಂಗಸು. ಚಿಟಿಕೆ ಮಣ್ಣು ಹಿಸುಕಿ ಮೂಗು, ಕಡ್ಡಿಯಿಂದ ಚುಚ್ಚಿ ಕಣ್ಣು. ಕೆಲವು ಬೊಂಬೆಗಳನ್ನು ಕಂಡರೆ ನಗು ಬರುತ್ತದೆ. ಕ್ರಿಸ್ಮಸ್ ಗೋದಲಿಗೆ ನಮ್ಮ ಧರ್ಮೋಪದೇಶ ತರಗತಿಯ ಮಕ್ಕಳು ಜೇಡಿಮಣ್ಣಿನಲ್ಲಿ ಮಾಡಿ ತರುವ ಕುರಿಗಳೂ ಹೀಗೇ ಇರುತ್ತವೆ, ಕಾಲು ಗಿಡ್ಡ, ಮೂತಿ ಉದ್ದ. ಆದರೆ ಎಮ್ಮೆಯ ಕೊಂಬನ್ನು ಮಾತ್ರ ಮಾಡಿದವರು ಬಲ್ಲವರು. ದಿನವೂ ಎಮ್ಮೆ ಕಾಯ್ದ ಕೈ ಅದು ಎನ್ನಿಸುತ್ತದೆ.

ಇವು ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳಿಗೆ ಸೇರಿದವು ಎಂಬುದು ಬಹುಪಾಲು ವಿದ್ವಾಂಸರ ಎಣಿಕೆ. ಮಾಡಿದವರು ಯಾರು? ಇಲ್ಲಿ ಕಥೆ ತೊಡಕಾಗುತ್ತದೆ. ಬೇಸಿಗೆಗೆ ಊಟಿ ಹತ್ತಿದ ಇಂಗ್ಲಿಷರಿಗೆ ಈ ಕಲ್ಲುಗುಪ್ಪೆಗಳನ್ನು ಅಗೆಯುವುದು ಒಂದು ಹವ್ಯಾಸವಾಗಿತ್ತು. 1847ರಲ್ಲಿ ಕ್ಯಾಪ್ಟನ್ ಕಾಂಗ್ರೀವ್ ಎಂಬವರು ಮದರಾಸಿನ ಪತ್ರಿಕೆಯೊಂದರಲ್ಲಿ ಇವುಗಳ ಬಗ್ಗೆ ಬರೆದು, ಇವು ತೋಡರ ಪೂರ್ವಿಕರವು, ಆ ತೋಡರು ದೂರದ ಸಿಥಿಯಾ ದೇಶದಿಂದ ಬಂದವರು ಎಂದೆಲ್ಲ ವಾದಿಸಿದರು. ಎಮ್ಮೆಯ ಬೊಂಬೆ ಕಂಡವರಿಗೆ ತೋಡರ ನೆನಪಾಗುವುದು ಸಹಜ, ಏಕೆಂದರೆ ತೋಡರ ಬದುಕೇ ಎಮ್ಮೆ, ಅವರ ಅಂತ್ಯಕ್ರಿಯೆಯಲ್ಲೂ ಎಮ್ಮೆಯನ್ನು ಬಲಿ ಕೊಡುತ್ತಿದ್ದರು. ಆದರೆ ತೋಡರು ಮಡಕೆ ಮಾಡುವವರಲ್ಲ, ಅವರಿಗೆ ಮಡಕೆ ಒದಗಿಸುತ್ತಿದ್ದವರು ಕೋತರು. ಕುದುರೆ ಸವಾರಿಯೂ ತೋಡರದ್ದಲ್ಲ. ಹೀಗಾಗಿ ಆ ವಾದ ಕುಂಟುತ್ತದೆ. ಸಿಥಿಯಾದ ಮಾತಂತೂ ನಮಗೆ ಊಟಿಯ ಚಳಿಯಲ್ಲಿ ಕಂಡ ಕನಸಿನಂತೆ ತೋರುತ್ತದೆ.

1868ರಲ್ಲಿ ನೀಲಗಿರಿಗೆ ಮೊದಲ ಕಮಿಷನರ್ ಆಗಿ ಬಂದವರು ಜೇಮ್ಸ್ ವಿಲ್ಕಿನ್ಸನ್ ಬ್ರೀಕ್ಸ್. ಊಟಿಯ ಬ್ರೀಕ್ಸ್ ಶಾಲೆಯ ಹೆಸರು ಕೇಳಿದ್ದೀರಿ, ಅದು ಅವರ ನೆನಪಿಗೆ ಕಟ್ಟಿದ್ದು. ಸರಕಾರದ ಅಪ್ಪಣೆಯಂತೆ ಅವರು ಹಲವು ಕಲ್ಲುಗುಪ್ಪೆಗಳನ್ನು ಅಗೆಸಿ, ಸಿಕ್ಕಿದ್ದನ್ನು ಬರೆದಿಟ್ಟರು. ಕೆಲಸ ಮುಗಿಯುವಷ್ಟರಲ್ಲಿ 1872ರಲ್ಲಿ, ನಲವತ್ತರ ಪ್ರಾಯದಲ್ಲೇ ತೀರಿಕೊಂಡರು. ಅವರ ಪತ್ನಿ ಆ ಟಿಪ್ಪಣಿಗಳನ್ನು ಜೋಡಿಸಿ 1873ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿಸಿದರು. ಸತ್ತವರ ವಸ್ತುಗಳ ಬಗ್ಗೆ ಬರೆಯುತ್ತ ತಾವೇ ಹೋದ ಗಂಡನ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಕುಳಿತ ಆ ಹೆಂಗಸಿನ ಮನಸ್ಸು ಹೇಗಿದ್ದಿರಬೇಡ! ಅಗೆದ ವಸ್ತುಗಳಲ್ಲಿ ಹೆಚ್ಚಿನವು ಚೆನ್ನೈನ ಎಗ್ಮೋರ್ ವಸ್ತುಸಂಗ್ರಹಾಲಯಕ್ಕೆ ಹೋದವು, ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಬ್ರೀಕ್ಸ್ ಆದರೂ ಎಲ್ಲಿ ಏನು ಸಿಕ್ಕಿತೆಂದು ಬರೆದರು. ಅವರಿಗೆ ಮುಂಚೆ ಮತ್ತು ಆಮೇಲೆ ಅಗೆದ ಅನೇಕರು ಅದನ್ನೂ ಮಾಡಲಿಲ್ಲ. ಬೊಂಬೆ ಚೆನ್ನಾಗಿದೆ ಎಂದು ಮುಚ್ಚಳ ಎತ್ತಿಕೊಂಡರು, ಒಡೆದ ಮಡಕೆಯನ್ನು ಅಲ್ಲೇ ಬಿಟ್ಟರು, ಬೂದಿಯನ್ನು ಚೆಲ್ಲಿದರು. ಈಗ ಎಷ್ಟೋ ಮುಚ್ಚಳಗಳಿಗೆ ಮಡಕೆ ಇಲ್ಲ. ಎಮ್ಮೆ ಕುಳಿತಿದ್ದುದು ಗಂಡಸಿನ ಬೂದಿಯ ಮೇಲೋ, ಹೆಂಗಸಿನದೋ, ಮಗುವಿನದೋ ಎಂದು ಕೇಳಿದರೆ ಗಾಜಿನ ಕಪಾಟಿನಲ್ಲಿರುವ ಎಮ್ಮೆ ಏನು ಹೇಳೀತು?

ಇದೇ ನೋವು ಆಫ್ರಿಕಾದಲ್ಲೂ ಇದೆ. ಈ ಅಂಕಣಕ್ಕೆ ನಾವು ಕುಳಿತದ್ದೇ ಅಲ್ಲಿನ ಬೊಂಬೆಗಳ ಚಿತ್ರಗಳನ್ನು ನೋಡಿದ ಮೇಲೆ. ಪಶ್ಚಿಮ ಆಫ್ರಿಕಾದ ನೈಜರ್ ದೇಶದಲ್ಲಿ ಬುರಾ ಎಂಬ ಸ್ಥಳವಿದೆ. 1975ರಲ್ಲಿ ಬೇಟೆಗೆ ಹೋದ ಯುವಕನೊಬ್ಬನಿಗೆ ಅಲ್ಲಿ ಸುಟ್ಟಮಣ್ಣಿನ ಎರಡು ತಲೆಗಳು ಸಿಕ್ಕಿದವು. 1983ರಲ್ಲಿ ಆ ದೇಶದ ವಿದ್ವಾಂಸರೇ ಅಗೆದು ನೋಡಿದರೆ ಅದೊಂದು ದೊಡ್ಡ ಸಮಾಧಿಭೂಮಿ. ಕ್ರಿಸ್ತಶಕ 3ನೇ ಶತಮಾನದಿಂದ 13ನೇ ಶತಮಾನದವರೆಗಿನ ಜನ ಅಲ್ಲಿ ಉದ್ದನೆಯ ಕೊಳವೆಯಂಥ ಮಡಕೆಗಳನ್ನು ಬೋರಲಾಗಿ ನೆಟ್ಟಿದ್ದರು. ಒಳಗೆ ಮನುಷ್ಯರ ಹಲ್ಲು, ಮೂಳೆ, ಕಬ್ಬಿಣದ ಬಾಣದ ಮೊನೆಗಳು. ಮಡಕೆಯ ತಳ ಮೇಲಾಯಿತಲ್ಲ, ಆ ತಳದ ಮೇಲೆ ಒಂದು ಮುಖ, ಇಲ್ಲವೇ ಅಲಂಕಾರ ಮಾಡಿದ ಕುದುರೆಯ ಮೇಲೆ ಕೊರಳಸರ, ಬಳೆ ತೊಟ್ಟು ಕುಳಿತ ಸವಾರ. ನೀಲಗಿರಿಯವರು ಮುಚ್ಚಳದ ಮೇಲೆ ಕೂರಿಸಿದ್ದನ್ನು ಬುರಾದವರು ಮಡಕೆಯ ಬುಡದ ಮೇಲೆ ಕೂರಿಸಿದರು. ಇವರಿಗೂ ಅವರಿಗೂ ಸಂಬಂಧವಿತ್ತೆಂದು ದಯವಿಟ್ಟು ಯಾರೂ ಕಥೆ ಕಟ್ಟಬೇಡಿ, ಕ್ಯಾಪ್ಟನ್ ಕಾಂಗ್ರೀವ್ ಒಬ್ಬರು ಸಾಕು. ಸತ್ತವನ ಮೇಲೆ ಅವನ ಸವಾರಿಯನ್ನು, ಅವನ ಮಂದೆಯನ್ನು ಕೂರಿಸಬೇಕು ಎಂದು ಎರಡು ಕಡೆಯ ಮನುಷ್ಯರಿಗೂ ತಾವಾಗಿಯೇ ತೋಚಿದ್ದು ನಮಗೆ ಹೆಚ್ಚು ದೊಡ್ಡ ಸಂಗತಿಯಾಗಿ ಕಾಣುತ್ತದೆ.

1993ರಲ್ಲಿ ಪ್ಯಾರಿಸ್ಸಿನಲ್ಲಿ ನೈಜರ್ ನದಿ ಕಣಿವೆಯ ಕಲೆಯ ದೊಡ್ಡ ಪ್ರದರ್ಶನ ನಡೆಯಿತು. ಬುರಾದ ಬೊಂಬೆಗಳನ್ನು ಜಗತ್ತು ಕಂಡು ಮೆಚ್ಚಿತು. ಮೆಚ್ಚಿಕೆಯ ಹಿಂದೆಯೇ ವ್ಯಾಪಾರಿ ಬಂದ. ಬಡ ಹಳ್ಳಿಗರ ಕೈಗೆ ಹಾರೆ ಬಂತು. ಸಮಾಧಿಗಳು ಒಂದರ ಹಿಂದೊಂದು ಬರಿದಾದವು. ಪಕ್ಕದ ನೈಜೀರಿಯಾದ ನೋಕ್ ಬೊಂಬೆಗಳ ಕಥೆಯೂ ಇಂಥದ್ದೇ. ಅವು ಎರಡು ಸಾವಿರ ವರ್ಷಕ್ಕೂ ಹಳೆಯವು. 1943ರಲ್ಲಿ ಅಂಥ ಒಂದು ತಲೆಯನ್ನು ರೈತನೊಬ್ಬ ಗೆಣಸಿನ ಹೊಲದಲ್ಲಿ ಬೆದರುಗೊಂಬೆಗೆ ಸಿಕ್ಕಿಸಿದ್ದ. ಅದು ಬರ್ನಾರ್ಡ್ ಫ್ಯಾಗ್ ಎಂಬ ಅಧಿಕಾರಿಯ ಕೈಗೆ ಬಂದು, ಅವರು ಅದರ ಬೆಲೆ ಅರಿತರು. ರೈತನನ್ನು ನಾವು ಹಳಿಯಲಾರೆವು. ಹಕ್ಕಿ ಓಡಿಸಿಯಾದರೂ ಆ ತಲೆ ಕೆಲಸಕ್ಕೆ ಬಂತು! ಆದರೆ ಮುಂದೆ ಕಳ್ಳದಾರಿಯಲ್ಲಿ ಯೂರೋಪಿಗೆ ಹೋದವು ಎಷ್ಟೋ. ಫ್ರಾನ್ಸ್ ಸರಕಾರವೇ ತನ್ನ ಮ್ಯೂಸಿಯಂಗೆ ಅಂಥವನ್ನು ಕೊಂಡು, ತಕರಾರೆದ್ದು, ಕೊನೆಗೆ 2002ರಲ್ಲಿ ಅವು ನೈಜೀರಿಯಾದ ಸ್ವತ್ತೆಂದು ಒಪ್ಪಿಕೊಂಡು ಸಾಲವಾಗಿ ಇಟ್ಟುಕೊಳ್ಳಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆಯೇ, 2000ದಲ್ಲಿ, ಜಗತ್ತಿನ ವಸ್ತುಸಂಗ್ರಹಾಲಯಗಳ ಒಕ್ಕೂಟ ಹೊರಡಿಸಿದ ಎಚ್ಚರಿಕೆಯ ಕೆಂಪುಪಟ್ಟಿಯಲ್ಲಿ ನೋಕ್ ಮತ್ತು ಬುರಾ ಎರಡೂ ಇದ್ದವು.

ಆಫ್ರಿಕಾದ ಮಾತು ನಮಗೇಕೆ ಎನ್ನುವವರಿಗೆ ಕರಾವಳಿಯ ಒಂದು ಸುದ್ದಿ ಹೇಳುತ್ತೇವೆ. ಮೂಡುಬಿದಿರೆಯ ಬಳಿ ಮೂಡುಕೊಣಾಜೆ ಎಂಬಲ್ಲಿ ಕಲ್ಲಿನ ಮನೆಯಂಥ ಸಮಾಧಿಗಳು ಇವೆ. 1980ರ ದಶಕದಲ್ಲಿ ಅಲ್ಲಿ ಒಂಬತ್ತನ್ನು ಗುರುತಿಸಿದ್ದರು. 2023ರಲ್ಲಿ ಶಿರ್ವದ ಕಾಲೇಜಿನ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಹೋಗಿ ನೋಡಿದಾಗ ಗಟ್ಟಿಯಾಗಿ ಉಳಿದಿದ್ದವು ಎರಡೇ. ಹಾಳಾದವುಗಳ ನಡುವೆ ಮೂಳೆ ಮತ್ತು ಕಬ್ಬಿಣದ ಚೂರುಗಳ ಜೊತೆ ಅವರಿಗೆ ಎಂಟು ಸುಟ್ಟಮಣ್ಣಿನ ವಸ್ತುಗಳು ಸಿಕ್ಕಿದವು. ಎರಡು ಗೂಳಿ, ಎರಡು ನವಿಲು, ಒಂದು ಕುದುರೆ, ಒಂದು ಮಾತೃದೇವತೆ, ಅಂಥದೇ ಇನ್ನೊಂದು ದೇವತೆಯ ಕೈ, ಏನೆಂದು ಹೇಳಲಾಗದ ಮತ್ತೊಂದು. ಗೂಳಿಗಳಲ್ಲಿ ಒಂದಕ್ಕೆ ಮನುಷ್ಯನ ಮೈ, ಗೂಳಿಯ ತಲೆ. ಎತ್ತರ ಸುಮಾರು 9 ಸೆಂಟಿಮೀಟರ್, ಅಂದರೆ ನಮ್ಮ ಅಂಗೈಯೊಳಗೆ ಅಡಗುವಷ್ಟು. ಇವು ಕ್ರಿಸ್ತಪೂರ್ವ 800ರಿಂದ 700ರ ಸುಮಾರಿನವು ಎಂದು ಅವರ ಅಂದಾಜು. ಆ ಲೆಕ್ಕ ಸರಿಯಾದರೆ ಪ್ರವಾದಿ ಯೆಶಾಯ ಜೆರುಸಲೇಮಿನಲ್ಲಿ ಮಾತನಾಡುತ್ತಿದ್ದ ಕಾಲಕ್ಕೆ ತುಳುನಾಡಿನಲ್ಲಿ ಯಾರೋ ಕುಳಿತು ನವಿಲಿನ ಕತ್ತು ತಿದ್ದುತ್ತಿದ್ದರು. ಒಂಬತ್ತರಲ್ಲಿ ಏಳು ಹಾಳಾದವಲ್ಲ, ಅವುಗಳ ಒಳಗೆ ಇನ್ನೇನೇನು ಇತ್ತೋ!

ಹಾಳು ಮಾಡುವವರು ಯಾರು? ದೂರದ ವ್ಯಾಪಾರಿ ಮಾತ್ರವೇ ಅಲ್ಲ. ಕನ್ನಡ ನಾಡಿನಲ್ಲಿ ಈ ಕಲ್ಮನೆಗಳನ್ನು ಪಾಂಡವರ ಮನೆ ಎನ್ನುತ್ತಾರೆ, ಕೊಪ್ಪಳ ಕಡೆಯ ಹಿರೇಬೆಣಕಲ್ಲಿನಲ್ಲಿ ಮೋರಿಯರ ಮನೆ ಎನ್ನುತ್ತಾರೆ. ಹೆಸರು ಎಷ್ಟು ಗೌರವದ್ದು ನೋಡಿ. ಆದರೆ ಮನೆ ಎಂದವರೇ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದು ನಿಧಿಗೆ ಅಗೆಯುತ್ತಾರೆ. ನಿಧಿ ಸಿಗದ ಸಿಟ್ಟಿಗೆ ಮಡಕೆ ಒಡೆಯುತ್ತಾರೆ. ಕಲ್ಲುಗಣಿಗೆ, ಹೊಲದ ಬದುವಿಗೆ ಚಪ್ಪಡಿ ಹೋಗುತ್ತದೆ. ನಮ್ಮ ಕ್ರೈಸ್ತ ಮನೆಗಳೂ ನಿಧಿಯ ಆಸೆಗೆ ಹೊರತೇನಲ್ಲ ಎಂದು ಹೇಳಿದರೆ ಯಾರೂ ಮುನಿಸಿಕೊಳ್ಳಬಾರದು. ಕೆಲವರು ಇನ್ನೊಂದು ಮಾತೂ ಆಡುತ್ತಾರೆ: "ಅವು ಅನ್ಯರ ಸಮಾಧಿ, ನಮಗೇನು ಸ್ವಾಮಿ?" ಯೂದನು ಎಸೆದ ಮೂವತ್ತು ಬೆಳ್ಳಿ ನಾಣ್ಯಗಳಿಂದ ಯಾಜಕರು ಏನು ಕೊಂಡರು ಎಂದು ಮತ್ತಾಯನ ಶುಭಸಂದೇಶದಲ್ಲಿ ತೆಗೆದು ನೋಡಿ. ಕುಂಬಾರನ ಹೊಲ, ಪರದೇಶಿಗಳನ್ನು ಹೂಳುವುದಕ್ಕೆ. ಅಂಥ ದುಡ್ಡಿನಿಂದಲೂ ಅಪರಿಚಿತ ಹೆಣಕ್ಕೆ ಒಂದು ಜಾಗ ಆಗಬೇಕು ಎಂದು ಆ ಕಾಲದವರಿಗೆ ತೋರಿತ್ತು.

ಕೆಲವು ವರ್ಷಗಳ ಹಿಂದೆ ಬೆಟ್ಟದ ಹಳ್ಳಿಯೊಂದರಲ್ಲಿ ಅಂತ್ಯಸಂಸ್ಕಾರಕ್ಕೆ ಹೋಗಿದ್ದೆವು. ಪೆಟ್ಟಿಗೆ ಮುಚ್ಚುವ ಮುಂಚೆ ಮುದುಕಿ ತನ್ನ ಗಂಡನ ಎಲೆಯಡಿಕೆ ಚೀಲವನ್ನು ಅವರ ಕೈಯ ಕೆಳಗೆ, ಜಪಸರದ ಪಕ್ಕದಲ್ಲಿ ಇಟ್ಟರು. ಓದಿದ ಮೊಮ್ಮಗ ನಮ್ಮ ಕಿವಿಯಲ್ಲಿ, "ಸ್ವಾಮಿ, ಇದು ಮೂಢನಂಬಿಕೆ ಅಲ್ಲವೇ, ತೆಗೆಸಲೇ?" ಎಂದ. ಬೇಡ ಎಂದೆವು. ಅಲ್ಲಿ ಎಲೆಯಡಿಕೆ ಸಿಗುವುದಿಲ್ಲ ಎಂಬ ಭಯ ಆ ತಾಯಿಗೆ ಇರಲಿಲ್ಲ. ಐವತ್ತು ವರ್ಷ ಆ ಚೀಲವನ್ನು ಹೊಲಿದು, ತುಂಬಿ, ಕೈಗೆ ಕೊಟ್ಟವರು ಅದನ್ನು ಇನ್ನು ಯಾವ ಮೊಳೆಗೆ ತೂಗುಹಾಕಬೇಕು? ಸೆಮಿನರಿಯಲ್ಲಿ ನಮಗೆ ಪುನರುತ್ಥಾನದ ಬಗ್ಗೆ ಒಳ್ಳೆಯ ಪಾಠಗಳೇ ಆಗಿವೆ. ಆ ಚೀಲದ ಬಗ್ಗೆ ಪಾಠ ಇರಲಿಲ್ಲ. ನೀಲಗಿರಿಯ ಎಮ್ಮೆಯನ್ನು ನೋಡುವಾಗ ನಮಗೆ ಈಗ ಆ ಚೀಲ ಕಾಣುತ್ತದೆ. ಅವರು ಪರಲೋಕದ ಬಗ್ಗೆ ಏನು ನಂಬಿದ್ದರೋ ಹೇಳುವವರು ಯಾರೂ ಉಳಿದಿಲ್ಲ, ಆದರೆ ಸತ್ತವನು ಹಾಲು ಕರೆದ ಎಮ್ಮೆ ಯಾವುದೆಂದು ಮಡಕೆ ಮಾಡಿದವನಿಗೆ ಗೊತ್ತಿತ್ತು ಎಂದು ಊಹಿಸಲು ನಮಗೆ ಕಷ್ಟವಾಗುವುದಿಲ್ಲ.

ಬೂದಿಯ ವಿಷಯ ಬಂದದ್ದರಿಂದ ಒಂದು ಮಾತು, ಕೆಲವು ಮನೆಗಳಿಂದ ಪ್ರಶ್ನೆ ಬಂದಿದೆ. 1963ರಿಂದ ಧರ್ಮಸಭೆ ದಹನವನ್ನು ನಿಷೇಧಿಸುವುದಿಲ್ಲ, ಹೂಳುವುದನ್ನು ಹೆಚ್ಚು ಇಷ್ಟಪಡುತ್ತದೆ ಅಷ್ಟೇ. ಆದರೆ 2016ರಲ್ಲಿ ರೋಮಿನಿಂದ ಬಂದ ಸೂಚನೆಯಂತೆ ಬೂದಿಯನ್ನು ಸಮಾಧಿಭೂಮಿಯಂಥ ಪವಿತ್ರ ಸ್ಥಳದಲ್ಲಿಡಬೇಕು. ನದಿಯಲ್ಲಿ ಚೆಲ್ಲುವುದು, ಮಕ್ಕಳೊಳಗೆ ಹಂಚಿಕೊಳ್ಳುವುದು, ಒಡವೆಯಲ್ಲಿ ಕಟ್ಟಿಸಿಕೊಳ್ಳುವುದು ಸಲ್ಲದು. ನೀಲಗಿರಿಯ ಆ ಹಳಬರಿಗೆ ಈ ಸೂಚನೆ ಓದಿ ಹೇಳಿದ್ದರೆ ಅವರಿಗೆ ಅದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ.

ಇನ್ನು ಯುವಜನರ ಪ್ರಶ್ನೆ. ಉಳುವಾಗ, ಬೋರ್‌ವೆಲ್ ಕೊರೆಸುವಾಗ, ಮನೆಗೆ ಪಾಯ ತೆಗೆಯುವಾಗ ಇಂಥದ್ದು ಸಿಕ್ಕರೆ ಏನು ಮಾಡಬೇಕು? ಕೆಲಸ ನಿಲ್ಲಿಸಿ, ಇದ್ದದ್ದು ಇದ್ದಂತೆಯೇ ಒಂದು ಫೋಟೋ ತೆಗೆದು, ಗ್ರಾಮ ಆಡಳಿತಾಧಿಕಾರಿಗೆ ಇಲ್ಲವೇ ತಹಸೀಲ್ದಾರರಿಗೆ ತಿಳಿಸಿ. 1878ರಷ್ಟು ಹಿಂದೆಯೇ ನಿಧಿಯ ಕಾನೂನು ಬಂದಿದೆ. ನೆಲದಡಿಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಲೇಬೇಕು. ನೂರು ವರ್ಷಕ್ಕೂ ಹಳೆಯದಾದ ಸುಟ್ಟಮಣ್ಣಿನ ಶಿಲ್ಪ 1972ರ ಪ್ರಾಚೀನ ವಸ್ತುಗಳ ಕಾಯಿದೆಗೆ ಒಳಪಟ್ಟದ್ದು, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವುದು ಅಪರಾಧ. ಫೋಟೋ ನೋಡಿ ಒಳ್ಳೆಯ ರೇಟು ಹೇಳುವವರು ಫೋನಿನಲ್ಲಿ ಸಿಗುತ್ತಾರೆ, ಅವರಿಗೆ ಮಾತ್ರ ಕಳಿಸಬೇಡಿ. ಮುಖ್ಯವಾಗಿ ಮಡಕೆಯನ್ನು ಎತ್ತಿ ಒಳಗಿನ ಮಣ್ಣನ್ನು ಸುರಿದುಬಿಡಬೇಡಿ. ತೊಳೆದು ಚೊಕ್ಕಟ ಮಾಡುವ ನಮ್ಮ ಹೆಂಗಸರಿಗೆ ಇದನ್ನು ಒತ್ತಿ ಹೇಳುತ್ತೇವೆ. ತಳದಲ್ಲಿ ಅಂಟಿಕೊಂಡ ಚಿಟಿಕೆ ಇದ್ದಿಲಿನಿಂದ ಆ ಚಿತೆ ಯಾವ ಶತಮಾನದಲ್ಲಿ ಉರಿಯಿತೆಂದು ಇಂದು ಪ್ರಯೋಗಾಲಯದಲ್ಲಿ ಲೆಕ್ಕ ಹಾಕಬಹುದು. ಸುಟ್ಟ ಮೂಳೆಯ ಚೂರು ನೋಡಿ ಸತ್ತದ್ದು ದೊಡ್ಡವರೋ ಮಗುವೋ ಎಂದು ಎಷ್ಟೋ ಬಾರಿ ಹೇಳಬಹುದು. ಬೊಂಬೆಯನ್ನು ಎಷ್ಟು ತಿರುಗಿಸಿ ನೋಡಿದರೂ ಅದು ತಿಳಿಯುವುದಿಲ್ಲ.